ಹಳೆಯ ಬಾನುಲಿಯ ದೀಪಗಳು
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬನು ಕಾವ್ಯವನ್ನು ಬಿಟ್ಟು ರೇಡಿಯೋ ವಾಲ್ವುಗಳನ್ನು ಕುರಿತು ಮಾತನಾಡುವುದು ತಮಗೆ ವಿಚಿತ್ರವೆನಿಸಬಹುದು. ಆದರೆ 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆದಾಗ ಕನ್ನಡವನ್ನು ಗಾಳಿಯಲ್ಲಿ ಹರಿಸಿದುದು ಈ ಗಾಜಿನ ದೀಪಗಳೇ. ಅಜ್ಜಂದಿರ ಕಾಲದ ಅಂಥ ಪೆಟ್ಟಿಗೆಗಳು ಇಂದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಅವುಗಳಲ್ಲಿ ಎಷ್ಟೋ ಬದುಕಬಲ್ಲವು.

ಮೊದಲು ಪ್ರಾಣದ ಮಾತು. ಪ್ಲಗ್ಗನ್ನು ಕಿತ್ತ ಮಾತ್ರಕ್ಕೆ ಅಪಾಯ ತೀರಲಿಲ್ಲ. ಒಳಗಿನ ದೊಡ್ಡ ಕಂಡೆನ್ಸರುಗಳು 250, 300 ವೋಲ್ಟಿನಷ್ಟು ವಿದ್ಯುತ್ತನ್ನು ಆಮೇಲೂ ಹಿಡಿದಿಟ್ಟುಕೊಂಡಿರಬಹುದು. ಟ್ರಾನ್ಸ್‌ಫಾರ್ಮರಿಲ್ಲದ ಅಗ್ಗದ ಪೆಟ್ಟಿಗೆಗಳಲ್ಲಂತೂ ತಗಡಿನ ಚೌಕಟ್ಟೇ ಮನೆಯ ವಿದ್ಯುತ್ ತಂತಿಗೆ ನೇರವಾಗಿ ಸೇರಿರುತ್ತದೆ. ಮಕ್ಕಳನ್ನು ದೂರವಿಡಿರಿ; ಬಲ್ಲವರು ಜೊತೆಗಿಲ್ಲದೆ ಹಿಂಬದಿಯ ಹಲಗೆಯನ್ನು ತೆಗೆಯಬೇಡಿರಿ.

ವಾಲ್ವಿನ ಪರೀಕ್ಷೆ ಕಣ್ಣಿನಿಂದಲೇ ಆರಂಭವಾಗುತ್ತದೆ. ಗಾಜಿನ ಒಳಮೈಯಲ್ಲಿ ಕನ್ನಡಿಯಂಥ ಬೆಳ್ಳಿಯ ಮಚ್ಚೆಯಿರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ. ಆ ವಾಲ್ವಿನ ಆಯುಸ್ಸು ಮುಗಿಯಿತು. ಮಚ್ಚೆ ಸರಿಯಿದ್ದರೂ ದೀಪ ಕೆಂಪಗಾಗದಿದ್ದರೆ, ವಾಲ್ವನ್ನು ಹೊರತೆಗೆದು ಅದರ ಬಿಸಿತಂತಿ ತುಂಡಾಗಿದೆಯೇ ಎಂದು ಮೀಟರಿನಿಂದ ನೋಡಬೇಕು. ಇಎಲ್ 84ರಲ್ಲಿ ಅದು 4 ಮತ್ತು 5ನೆಯ ಕಾಲುಗಳ ನಡುವೆ ಇದೆ. ಪರೀಕ್ಷಾಯಂತ್ರದ ಮುಳ್ಳು ಹೇಳುವುದು ಅರ್ಧ ಸತ್ಯ. ಚೆನ್ನಾಗಿದೆಯೆಂದು ತಿಳಿದಿರುವ ಇನ್ನೊಂದು ವಾಲ್ವನ್ನು ಅಲ್ಲಿಟ್ಟು ಕೇಳುವುದೇ ಪೂರ್ಣ ಪರೀಕ್ಷೆ.

ಆದರೆ ಇನ್ನೊಂದು ಎಂದರೆ ಯಾವುದು? ಇಲ್ಲಿ ವ್ಯಾಕರಣ ಬರುತ್ತದೆ. ಯುರೋಪಿನ ಹೆಸರುಗಳಲ್ಲಿ ಮೊದಲ ಅಕ್ಷರ ಬಿಸಿತಂತಿಯ ಬಗೆಯನ್ನೂ, ಮುಂದಿನವು ವಾಲ್ವಿನ ಕೆಲಸವನ್ನೂ ತಿಳಿಸುತ್ತವೆ. ಕೇಶಿರಾಜನು ಕಂಡಿದ್ದರೆ ಸೂತ್ರವನ್ನೇ ರಚಿಸುತ್ತಿದ್ದನೋ ಏನೋ! ಇಸಿಎಲ್ 82, ಪಿಸಿಎಲ್ 82, ಯುಸಿಎಲ್ 82 ಕಾಲುಗಳಲ್ಲಿ ಒಂದೇ. ಬಿಸಿತಂತಿಗೆ ಮಾತ್ರ ಕ್ರಮವಾಗಿ 6.3, 16, 50 ವೋಲ್ಟು ಬೇಕು. ಇಸಿಸಿ 83 ಮತ್ತು ಅಮೆರಿಕದ 12ಎಎಕ್ಸ್7 ಹೆಸರೆರಡಾದರೂ ವಸ್ತು ಒಂದೇ. 6ವಿ6ರ ಜಾಗದಲ್ಲಿ 6ಎಲ್6 ಕೂರುತ್ತದೆ, ಹಾಡುತ್ತದೆ ಕೂಡ; ಆದರೆ 0.45 ಆಂಪಿಯರಿನ ಬದಲು 0.9 ಆಂಪಿಯರನ್ನು ಎಳೆದು ಟ್ರಾನ್ಸ್‌ಫಾರ್ಮರನ್ನು ಕಾಯಿಸುತ್ತದೆ. ಕೂರುವುದೆಲ್ಲವೂ ಹೊಂದುವುದಲ್ಲ.

ನಮ್ಮ ಮಂಜಿನ ಮಲೆಯಲ್ಲಿ ಅನೇಕ ವೇಳೆ ವಾಲ್ವು ನಿರಪರಾಧಿ. ತೇವದಿಂದ ಸಾಕೆಟ್ಟು ಕಿಲುಬು ಹಿಡಿದಿರುತ್ತದೆ. ಅದನ್ನು ಒರೆಸಿದರೆ ದನಿ ಮರಳುವುದುಂಟು. ಕೊನೆಯ ವಾಲ್ವಿನೊಳಗಿನ ಲೋಹದ ತಗಡೇ ಕೆಂಡದಂತೆ ಹೊಳೆದರೆ ಒಡನೆ ಆರಿಸಿ, ಹಿಂದಿನ ಹಂತದಿಂದ ಅದಕ್ಕೆ ದನಿಯನ್ನು ದಾಟಿಸುವ ಚಿಕ್ಕ ಕಾಗದದ ಕಂಡೆನ್ಸರನ್ನು ಶಂಕಿಸಿರಿ. ಅದು ಸೋರಿದರೆ ಹೊಸ ವಾಲ್ವೂ ಬೇಗನೆ ಸುಡುತ್ತದೆ. ದುಡ್ಡು ಕೊಟ್ಟು ವಾಲ್ವು ಬದಲಿಸಿದ ಮೇಲೆಯೂ ಪೆಟ್ಟಿಗೆ ಮತ್ತೆ ಮೂಕವಾದಾಗ ಮನೆಯವರು ಬೇಸತ್ತು ಗುಜರಿಯವನನ್ನು ಕೂಗುತ್ತಾರೆ.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿತು; ‘ಬಿಇಎಲ್’ ಮುದ್ರೆಯವು ಹಳೆಯ ಪೆಟ್ಟಿಗೆಗಳಲ್ಲಿ ಇನ್ನೂ ಕಾಣಸಿಗುತ್ತವೆ. ಗಾಜಿನ ಮೇಲಿನ ಅಕ್ಷರಗಳು ಬೆರಳು ತಾಗಿದರೂ ಅಳಿಯುವುದುಂಟು. ಆದುದರಿಂದ ಧೂಳೊರೆಸುವ ಮೊದಲೇ ಹೆಸರನ್ನೂ ಅದು ಕುಳಿತಿದ್ದ ಜಾಗವನ್ನೂ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಅಂಟಿಸಿಡಿರಿ.