ಹಳೆಯ ಗಾಡಿಯ ಸದ್ದು

ಸೇಡಂನ ನನ್ನ ಹಳೆಯ ಶಿಷ್ಯರೊಬ್ಬರು ಯಾರೋ ಬಳಸಿ ಮಾರಿದ ದೊಡ್ಡ ಸ್ಕೂಟರೊಂದನ್ನು ಈಚೆಗೆ ಕೊಂಡರು. ಚಿತ್ತಾಪುರದ ಶಾಲೆಗೆ ದಿನವೂ ಅದರಲ್ಲೇ ಪಯಣ. ತಿಂಗಳೊಳಗೆ ಗಾಡಿ ಕಿರುಗುಟ್ಟತೊಡಗಿತು. ಬೆಲ್ಟು ಬದಲಿಸಿದರು, ಹಣ ಹೋಯಿತು, ಸದ್ದು ಹೋಗಲಿಲ್ಲ.

ಗೇರು ಬದಲಿಸಬೇಕಿಲ್ಲದ ಸ್ಕೂಟರು ನಮಗೆ ಹೊಸದಲ್ಲ. 1984ರಲ್ಲಿ ಬಂದ ಕೈನೆಟಿಕ್ ಹೋಂಡಾದಲ್ಲಿಯೂ ಇದೇ ಏರ್ಪಾಡು. ಎರಡು ರಾಟೆಗಳಿಗೆ ಒಂದು ರಬ್ಬರಿನ ಬೆಲ್ಟು. ವೇಗ ಏರಿದಂತೆ ಮುಂದಿನ ರಾಟೆಯ ರೋಲರುಗಳು ಅಂಚಿಗೆ ಸರಿದು ಅದರ ತಟ್ಟೆಗಳನ್ನು ಹತ್ತಿರ ತರುತ್ತವೆ, ಬೆಲ್ಟು ಮೇಲೇರುತ್ತದೆ.

ಸದ್ದಿಗೂ ಅರ್ಥವುಂಟು. ಹೊರಡುವಾಗ ಮಾತ್ರ ಕಿರುಗುಟ್ಟಿದರೆ ಬೆಲ್ಟಿಗೆ ಧೂಳೋ ಜಿಡ್ಡೋ ತಗುಲಿರಬಹುದು. ನಿಂತಲ್ಲಿ ಲಟಲಟ ಎಂದರೆ ರೋಲರು ಸವೆದಿರಬಹುದು. ಚಕ್ರದ ವೇಗದೊಡನೆ ಏರುವ ಗುಂಯ್‌ಗುಟ್ಟುವಿಕೆ ಬೇರಿಂಗಿನದಿರಬಹುದು.

ಮಿಸ್ತ್ರಿ ಮುಚ್ಚಳ ತೆಗೆದಾಗ ಗುಟ್ಟು ಹೊರಬಿತ್ತು. ಹಿಂದಿನ ಒಡೆಯರು ಗಾಡಿ ಬೇಗ ನೆಗೆಯಲೆಂದು ಹಗುರವಾದ ರೋಲರು ಹಾಕಿಸಿ, ತಂಪಿಗೆಂದು ಮುಚ್ಚಳಕ್ಕೆ ತೂತು ಕೊರೆಸಿದ್ದರು. ವಾಡಿಯ ಸಿಮೆಂಟು, ಶಹಾಬಾದಿನ ಹಾಸುಗಲ್ಲು ಹೊರಡುವ ಈ ಸುಣ್ಣಕಲ್ಲಿನ ಸೀಮೆಯಲ್ಲಿ ಗಾಳಿಯೊಡನೆ ಕಲ್ಲಿನ ಪುಡಿಯೂ ಒಳಹೊಕ್ಕು ಹೊಸ ಬೆಲ್ಟನ್ನೂ ಉಜ್ಜಿತ್ತು. ರಾಟೆಗಳನ್ನು ಒರೆಸಿ, ಮೊದಲಿನ ತೂಕದ ರೋಲರು, ತೂತಿಲ್ಲದ ಮುಚ್ಚಳ ಹಾಕಿದ ಮೇಲೆ ಸದ್ದು ಅಡಗಿತು.

ಚಿಂಚೋಳಿಯ ದಾರಿಯಲ್ಲಿ ಸಂಜೆಗತ್ತಲಿಗೆ ಬೆಲ್ಟು ಹರಿದರೆ ಎಂಜಿನ್ನು ಓಡೀತು, ಗಾಡಿ ಓಡದು. ಬಳಸಿದ ಗಾಡಿ ಕೊಳ್ಳುವವರು ಎಷ್ಟು ಮೈಲಿ ಓಡಿದೆಯೆಂದು ಕೇಳುವಾಗಲೇ ಏನೇನು ಬದಲಾಯಿಸಿದ್ದೀರೆಂದೂ ಕೇಳಲಿ. ಬಿಡಿಭಾಗಕ್ಕೆ ಹಣ ತೆರುವ ಮುನ್ನ ಮುಚ್ಚಳ ತೆಗೆಸಿ ನೋಡಲಿ.