ರೊಟ್ಟಿಗೆ ಬೆಲೆ ಕಟ್ಟುವುದು ಹೇಗೆ?



ಕಲಿಕಾ ಕೇಂದ್ರದಲ್ಲಿ ನಾವು ಅಕ್ಷರ ಕಲಿತೆವು. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಕಲಿತೆವು. ಆ ಲೆಕ್ಕ ಪಾಟಿಯ ಮೇಲೆ ಉಳಿದರೆ ಸಾಲದು. ಅದು ನಮ್ಮ ದುಡಿಮೆಗೆ ಕಾವಲು ನಿಲ್ಲಬೇಕು. ಅದಕ್ಕೆ ಇವತ್ತು ಬೆಲೆಯ ಬಗ್ಗೆ ಮಾತಾಡೋಣ.

ಸಂತೆಯಲ್ಲಿ ಕಾಯಿಪಲ್ಲೆಗೆ ಬೆಳಗ್ಗೆ ಒಂದು ಬೆಲೆ, ಸಂಜೆ ಒಂದು ಬೆಲೆ. ಸೋಪು, ಬಿಸ್ಕತ್ತಿನ ಬೆಲೆ ಮಾತ್ರ ಕಾಗದದ ಮೇಲೆ ಅಚ್ಚಾಗಿಯೇ ಬರ್ತದೆ. ಅದನ್ನು ಯಾರು ಕಟ್ಟಿದರು? ಹೇಗೆ ಕಟ್ಟಿದರು? ಕಂಪನಿಯವರು ಬಾಯಿಗೆ ಬಂದಷ್ಟು ಹಾಕಿರ್ತಾರಾ? ಇಲ್ಲ. ಅವರ ಹತ್ತಿರ ಒಂದು ಲೆಕ್ಕ ಇದೆ. ಅದೇ ಲೆಕ್ಕ ನಮ್ಮ ರೊಟ್ಟಿಗೂ ಬೇಕು.

ಎರಡು ಬಗೆಯ ಖರ್ಚು

ಮೂರು ಜನ ಅಕ್ಕಂದಿರು ಸೇರಿ ಜೋಳದ ರೊಟ್ಟಿ ಮಾಡಿ ಮಾರ್ತಾರೆ ಅಂತ ಇಟ್ಟುಕೊಳ್ಳೋಣ. ದಿನಕ್ಕೆ 100 ರೊಟ್ಟಿ. ತಿಂಗಳಿಗೆ 3,000 ರೊಟ್ಟಿ.

ಅವರ ಕೋಣೆಯ ಬಾಡಿಗೆ ತಿಂಗಳಿಗೆ 3,000 ರೂಪಾಯಿ. ಒಲೆ, ಹಂಚು, ಹಿಟ್ಟು ನಾದುವ ಯಂತ್ರಕ್ಕೆ ತೆಗೆದ ಸಾಲದ ಕಂತು 2,500 ರೂಪಾಯಿ. ಕರೆಂಟು ಬಳಸದಿದ್ದರೂ ಕಟ್ಟಲೇಬೇಕಾದ ಮೀಟರಿನ ಹಣ 500 ರೂಪಾಯಿ. ಒಟ್ಟು 6,000 ರೂಪಾಯಿ.

ಒಂದು ರೊಟ್ಟಿ ಮಾಡಿದರೂ ಈ ಹಣ ಕಟ್ಟಬೇಕು. ಮೂರು ಸಾವಿರ ಮಾಡಿದರೂ ಇಷ್ಟೇ ಕಟ್ಟಬೇಕು. ಜ್ವರ ಬಂದು ಮಲಗಿದರೂ ಬಾಡಿಗೆ ನಿಲ್ಲುವುದಿಲ್ಲ. ಇದಕ್ಕೆ ಸ್ಥಿರ ಖರ್ಚು ಎನ್ನುತ್ತಾರೆ.

ಇನ್ನೊಂದು ಖರ್ಚು ರೊಟ್ಟಿಯ ಜೊತೆಗೇ ಏರ್ತದೆ, ರೊಟ್ಟಿಯ ಜೊತೆಗೇ ಇಳೀತದೆ. ಒಂದು ರೊಟ್ಟಿಗೆ ಅದು ಹೀಗಿದೆ:

ಜೋಳ ಮತ್ತು ಬೀಸಿದ ಕೂಲಿ – 3 ರೂಪಾಯಿ 50 ಪೈಸೆ
ಗ್ಯಾಸ್ – 50 ಪೈಸೆ
ಕಟ್ಟುವ ಕಾಗದ, ಸಾಗಿಸುವ ಖರ್ಚು – 50 ಪೈಸೆ
ರೊಟ್ಟಿ ಬಡಿದ ಕೂಲಿ – 1 ರೂಪಾಯಿ 50 ಪೈಸೆ
ಒಟ್ಟು – 6 ರೂಪಾಯಿ

ಇದು ಬದಲಾಗುವ ಖರ್ಚು. ರೊಟ್ಟಿ ಮಾಡದಿದ್ದರೆ ಈ ಖರ್ಚೂ ಇಲ್ಲ.

ಈಗ ಎರಡನ್ನೂ ಕೂಡಿಸೋಣ. 6,000 ರೂಪಾಯಿ ಸ್ಥಿರ ಖರ್ಚನ್ನು 3,000 ರೊಟ್ಟಿಗೆ ಹಂಚಿದರೆ ಒಂದಕ್ಕೆ 2 ರೂಪಾಯಿ. ಮೇಲಿನ 6 ರೂಪಾಯಿಗೆ ಇದನ್ನು ಸೇರಿಸಿದರೆ 8 ರೂಪಾಯಿ. ಒಂದು ರೊಟ್ಟಿಗೆ ನಮ್ಮ ಪೂರ್ತಿ ಖರ್ಚು ಇದು.

ಈ ಅಕ್ಕಂದಿರು ರೊಟ್ಟಿಯನ್ನು 9 ರೂಪಾಯಿಗೆ ಮಾರ್ತಾರೆ. ಪ್ರತಿ ರೊಟ್ಟಿಯಲ್ಲಿ 6 ಹೋಗಿ 3 ರೂಪಾಯಿ ಕೈಯಲ್ಲಿ ಉಳೀತದೆ. ಹೀಗೆ 2,000 ರೊಟ್ಟಿ ಮಾರಿದಾಗ 6,000 ರೂಪಾಯಿ ಕೂಡಿ, ಬಾಡಿಗೆ, ಕಂತು, ಮೀಟರಿನ ಹಣ ತೀರ್ತದೆ. ಅಲ್ಲಿಯವರೆಗೆ ಸಂಘಕ್ಕೆ ಲಾಭ ಇಲ್ಲ. ಆಮೇಲಿನ 1,000 ರೊಟ್ಟಿಯಿಂದ ಬಂದ 3,000 ರೂಪಾಯಿಯೇ ಉಳಿತಾಯ.

ಕಂಪನಿಯವರ ಲೆಕ್ಕ

ಬಿಸ್ಕತ್ತಿನ ಕಂಪನಿಗೂ ಹೀಗೆಯೇ. ಕಟ್ಟಡ, ಯಂತ್ರ, ಆಫೀಸಿನವರ ಸಂಬಳ, ಟಿವಿಯ ಜಾಹೀರಾತು ಅವರ ಸ್ಥಿರ ಖರ್ಚು. ಮೈದಾ, ಸಕ್ಕರೆ, ಎಣ್ಣೆ, ಸುತ್ತುವ ಕಾಗದ ಬದಲಾಗುವ ಖರ್ಚು. ಅವರ ಸ್ಥಿರ ಖರ್ಚು ಕೋಟಿಗಟ್ಟಲೆ. ಆದರೆ ಪ್ಯಾಕೆಟ್ಟುಗಳೂ ಕೋಟಿಗಟ್ಟಲೆ. ಹಂಚಿದಾಗ ಒಂದು ಪ್ಯಾಕೆಟ್ಟಿನ ಮೇಲೆ ಬೀಳುವ ಭಾರ ಸಣ್ಣದು. ದೊಡ್ಡ ಕಂಪನಿ ಅಗ್ಗವಾಗಿ ಮಾರಲು ಇದೊಂದು ಕಾರಣ.

ಮೈದಾ, ಸಕ್ಕರೆ ತುಟ್ಟಿಯಾದಾಗ ಕಂಪನಿ ಏನು ಮಾಡ್ತದೆ? 5 ರೂಪಾಯಿ ಪ್ಯಾಕೆಟ್ಟನ್ನು 6 ರೂಪಾಯಿ ಮಾಡಿದರೆ ಕೊಳ್ಳುವವರು ಹಿಂದೆ ಸರೀತಾರೆ. ಆದ್ದರಿಂದ ಎಷ್ಟೋ ಸಲ ಬೆಲೆ ಹಾಗೇ ಬಿಟ್ಟು ತೂಕ ಇಳಿಸ್ತಾರೆ. ತೂಕವನ್ನು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಬೇಕೆಂಬುದು ಕಾನೂನು. ಈಗ ನಮಗೆ ಓದಲು ಬರ್ತದೆ. ಬೆಲೆಯ ಜೊತೆಗೆ ಗ್ರಾಂ ಎಷ್ಟು ಎಂಬುದನ್ನೂ ಓದೋಣ.

ಸ್ಥಿರ ಖರ್ಚನ್ನು ಹಗುರ ಮಾಡಿಕೊಂಡು ಬೆಳೆದವರೂ ಇದ್ದಾರೆ. 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು, ತಾರಸಿಯ ಮೇಲೆ ಹಪ್ಪಳ ಲಟ್ಟಿಸಲು ಶುರು ಮಾಡಿದರು. ಅದೇ ಲಿಜ್ಜತ್ ಹಪ್ಪಳ. ಇಂದು ಅದರಲ್ಲಿ 40,000ಕ್ಕೂ ಹೆಚ್ಚು ಹೆಂಗಸರಿದ್ದಾರೆ. ಕೇಂದ್ರದಿಂದ ಕಲಸಿದ ಹಿಟ್ಟು ಒಯ್ದು, ಮನೆಯಲ್ಲೇ ಲಟ್ಟಿಸಿ, ಒಣಗಿಸಿ, ತಂದು ಕೊಡ್ತಾರೆ. ಎಲ್ಲರನ್ನೂ ಕೂರಿಸಲು ದೊಡ್ಡ ಕಟ್ಟಡ ಬೇಕಾಗಲಿಲ್ಲ. ಲಟ್ಟಿಸಿದಷ್ಟಕ್ಕೆ ಕೂಲಿ ಸಿಗ್ತದೆ. ಆ ಏಳು ಜನರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಕಡಿಮೆ ಬೆಲೆಗೆ ಕೇಳಿದರೆ?

ಈಗ ಮುಖ್ಯ ಮಾತಿಗೆ ಬರೋಣ. ಪೇಟೆಯ ಖಾನಾವಳಿಯವರು ಬಂದು ಕೇಳ್ತಾರೆ: "ಅಕ್ಕಾ, ತಿಂಗಳಿಗೆ ಇನ್ನೂ 2,000 ರೊಟ್ಟಿ ಕೊಡ್ರಿ. ಆದರೆ 7 ರೂಪಾಯಿ ಮಾತ್ರ ಕೊಡ್ತೀವಿ."

ನಮ್ಮ ಪೂರ್ತಿ ಖರ್ಚು 8 ರೂಪಾಯಿ. ಒಪ್ಪಿದರೆ ಒಂದು ರೂಪಾಯಿ ಲುಕ್ಸಾನು ಅನ್ನಿಸ್ತದೆ, ಅಲ್ಲವೇ?

ಸ್ವಲ್ಪ ತಾಳ್ರಿ. ಆಷಾಢದಲ್ಲಿ ಕಲ್ಯಾಣ ಮಂಟಪದವರು ಯಾಕೆ ಕಡಿಮೆ ಬಾಡಿಗೆಗೆ ಕೊಡ್ತಾರೆ? ಮದುವೆ ಇಲ್ಲದಿದ್ದರೂ ಕಟ್ಟಡದ ಖರ್ಚು ಇದ್ದೇ ಇದೆ. ಗುಡಿಸುವ ಕೂಲಿ, ಕರೆಂಟಿನ ದುಡ್ಡು ಕಳೆದು ನಾಲ್ಕು ಕಾಸು ಉಳಿದರೂ ಅಷ್ಟು ಬಂತು ಅಂತ ಕೊಡ್ತಾರೆ.

ಇಲ್ಲಿಯೂ ಹಾಗೆಯೇ. ಬಾಡಿಗೆ, ಕಂತು, ಮೀಟರಿನ ಹಣ 9 ರೂಪಾಯಿಯ ರೊಟ್ಟಿಯಿಂದ ಆಗಲೇ ತೀರಿದೆ. ಹೆಚ್ಚಿನ ರೊಟ್ಟಿಗೆ ತಗಲುವ ಖರ್ಚು 6 ರೂಪಾಯಿ ಮಾತ್ರ. 7ಕ್ಕೆ ಕೊಟ್ಟರೆ ಒಂದು ರೂಪಾಯಿ ಉಳೀತದೆ. 2,000 ರೊಟ್ಟಿಗೆ 2,000 ರೂಪಾಯಿ. ಮೊದಲಿನ 3,000 ಸೇರಿ ಉಳಿತಾಯ 5,000 ಆಗ್ತದೆ. ಕೈಗೆ ಬಿಡುವಿದ್ದರೆ, ಇದೇ ಕೋಣೆ, ಇದೇ ಒಲೆ ಸಾಕಾದರೆ ಒಪ್ಪಬಹುದು.

ಆದರೆ ಎಚ್ಚರ! ಹಳೆಯ ಗಿರಾಕಿಗಳೂ "ನಮಗೂ 7ಕ್ಕೇ ಕೊಡ್ರಿ" ಎಂದರೆ? 5,000 ರೊಟ್ಟಿಯನ್ನೂ 7ಕ್ಕೆ ಮಾರಿದರೆ ಕೈಯಲ್ಲಿ ಉಳಿಯುವುದು 5,000 ರೂಪಾಯಿ. ಕಟ್ಟಬೇಕಾದ್ದು 6,000. ಮೈ ಮುರಿದು ದುಡಿದೂ ಸಾವಿರ ರೂಪಾಯಿ ಲುಕ್ಸಾನು. ಕಡಿಮೆ ಬೆಲೆ ಹೆಚ್ಚಿನ ರೊಟ್ಟಿಗೆ ಮಾತ್ರ. ಎಲ್ಲ ರೊಟ್ಟಿಗೂ ಅಲ್ಲ.

ಅದೇ ಖಾನಾವಳಿಯವರು 5 ರೂಪಾಯಿ 50 ಪೈಸೆಗೆ ಕೇಳಿದರೆ? ಆಗ ಬೇಡ. ಅದು ಬದಲಾಗುವ ಖರ್ಚಿಗಿಂತಲೂ ಕಡಿಮೆ. ಪ್ರತಿ ರೊಟ್ಟಿಗೆ 50 ಪೈಸೆ ನಾವೇ ಕೈಯಿಂದ ಹಾಕಿದ ಹಾಗೆ. ಹೆಚ್ಚು ಮಾರಿದಷ್ಟೂ ಹೆಚ್ಚು ಲುಕ್ಸಾನು.

ನಮ್ಮ ಕೂಲಿ ಎಲ್ಲಿ ಹೋಯಿತು?

ಇಲ್ಲೇ ಬಹಳ ಜನ ಮೋಸ ಹೋಗ್ತಾರೆ. "ಜೋಳ, ಗ್ಯಾಸ್, ಸಾಗಾಟ ಸೇರಿ ನಾಲ್ಕೂವರೆ ರೂಪಾಯಿ. ಐದೂವರೆಗೆ ಮಾರಿದರೆ ಒಂದು ರೂಪಾಯಿ ಲಾಭ" ಅಂತ ಲೆಕ್ಕ ಹಾಕ್ತಾರೆ. ರೊಟ್ಟಿ ಬಡಿದವರ ಒಂದೂವರೆ ರೂಪಾಯಿ ಕೂಲಿ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ!

"ಮನೆಯ ಹೆಂಗಸರು ಮಾಡ್ತಾರೆ, ಅದಕ್ಕೇನು ಕೂಲಿ?" ಎಂದು ಹೇಳುವವರಿದ್ದಾರೆ. ಕಂಪನಿಯವರು ಲೆಕ್ಕ ಬರೆಯುವಾಗ ಕೆಲಸಗಾರರ ಕೂಲಿ ಬಿಟ್ಟು ಬರೀತಾರಾ? ಬರೆಯುವುದಿಲ್ಲ. ಒಲೆಯ ಮುಂದೆ ಬೆಂದ ಕೈ ನಮ್ಮದು. ಆ ಕೈಯ ಕೂಲಿಯನ್ನು ನಾವು ಬಿಟ್ಟರೆ, ಲಾಭ ಅಂತ ಕಾಣುವುದು ಲಾಭವಲ್ಲ. ನಮಗೆ ಬರಬೇಕಾದ ಕೂಲಿಯಲ್ಲೇ ಒಂದು ಚೂರು ನಮಗೆ ವಾಪಸು ಬಂದದ್ದು, ಅಷ್ಟೇ.

ಇನ್ನೊಂದು ಮಾತು. ಖರ್ಚಿನ ಲೆಕ್ಕ ಇದಕ್ಕಿಂತ ಕೆಳಗೆ ಇಳಿಯಬಾರದು ಅಂತ ಹೇಳ್ತದೆ. ಎಷ್ಟು ಮೇಲೆ ಹೋಗಬಹುದು ಎಂಬುದನ್ನು ಕೊಳ್ಳುವವರು ಹೇಳ್ತಾರೆ. ಪಕ್ಕದ ಓಣಿಯಲ್ಲಿ ಅಂಥದೇ ರೊಟ್ಟಿ 9ಕ್ಕೆ ಸಿಗುವಾಗ ನಮ್ಮದನ್ನು 12ಕ್ಕೆ ಯಾರೂ ಕೊಳ್ಳುವುದಿಲ್ಲ. ಈ ಎರಡರ ನಡುವೆ ನಮ್ಮ ಬೆಲೆ ನಿಲ್ಲಬೇಕು.

ನೀವು ರೊಟ್ಟಿ ಮಾಡದಿರಬಹುದು. ಬಟ್ಟೆ ಹೊಲಿಯುವವರು, ಹಾಲು ಮಾರುವವರು, ಚಟ್ನಿಪುಡಿ ಕುಟ್ಟುವವರು ಇದ್ದೀರಿ. ಎಲ್ಲರಿಗೂ ಲೆಕ್ಕ ಒಂದೇ. ನೋಟ್‌ಬುಕ್ಕಿನಲ್ಲಿ ಒಂದು ಹಾಳೆ ತೆಗೆಯಿರಿ. ನಡುವೆ ಗೆರೆ ಎಳೆಯಿರಿ. ಎಡಕ್ಕೆ ಸ್ಥಿರ ಖರ್ಚು ಬರೆಯಿರಿ. ಬಲಕ್ಕೆ ಬದಲಾಗುವ ಖರ್ಚು ಬರೆಯಿರಿ. ಬಲಗಡೆ ಎಲ್ಲಕ್ಕಿಂತ ಮೊದಲು ನಿಮ್ಮ ಕೂಲಿ ಬರೆಯಿರಿ. ಮುಂದಿನ ವಾರ ಆ ಹಾಳೆ ತನ್ನಿರಿ. ಎಲ್ಲರೂ ಕೂಡಿ ಓದೋಣ.