ಹೆಜ್ಜೆ ಯಾರದು?



ಸಭೆ ಸೇರಿದಾಗಲೆಲ್ಲ ನಾವು ‘ಕ್ರಾಂತಿ’ ಎಂದು ಗಂಟಲು ಹರಿಯೋ ಹಾಗೆ ಕೂಗುತ್ತೇವೆ. ಆ ಮಾತಿನ ಹೊಟ್ಟೆಯೊಳಗೆ ಏನಿದೆ ಅಂತ ಇವತ್ತು ಕೊಂಚ ನೋಡೋಣ.

ಸಂಸ್ಕೃತದ ‘ಕ್ರಮ್’ ಧಾತುವಿನಿಂದ ಬಂದದ್ದು ಇದು. ಹೆಜ್ಜೆ ಇಡು, ದಾಟು ಅಂತ ಅರ್ಥ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟಿದರೆ ಸಂಕ್ರಾಂತಿ. ಅವತ್ತು ನಮ್ಮ ಮೈಸೂರು ಸೀಮೆಯಲ್ಲಿ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಬೆಂಕಿ ಹಾರುವ ಎತ್ತನ್ನು ನೋಡೋಕೆ ಊರೇ ನೆರೆಯುತ್ತದೆ. ಕೇರಿಯ ಹುಡುಗ ಗೆರೆ ದಾಟಿದರೆ ಮಾತ್ರ ಅದೇ ಊರು ದೊಣ್ಣೆ ಹಿಡಿಯುತ್ತದೆ.

ಈ ಒಂದೇ ಹೆಜ್ಜೆಯಿಂದ ಎಷ್ಟು ಮಾತು ಹುಟ್ಟಿವೆ ನೋಡಿ. ದೊರೆ ಕಾಲಿಟ್ಟರೆ ವಿಕ್ರಮ, ಪರಾಕ್ರಮ. ಮೂರಡಿ ಭೂಮಿ ಬೇಡಿ ಬಂದ ವಾಮನ ಮೂರನೇ ಹೆಜ್ಜೆಯನ್ನು ಬಲಿಯ ತಲೆ ಮೇಲಿಟ್ಟ, ತ್ರಿವಿಕ್ರಮ ಅನ್ನಿಸಿಕೊಂಡ. ತುಳಿದವನಿಗೆ ಬಿರುದು! ಆ ಬಲಿ ನಮ್ಮ ದೊರೆ ಅಂತ ಜೋತಿಬಾ ಫುಲೆ 1873ರ ‘ಗುಲಾಮಗಿರಿ’ಯಲ್ಲೇ ಬರೆದರು. ನಾವು ಬೀಳುಬಿದ್ದ ಸರ್ಕಾರಿ ಜಮೀನಿನಲ್ಲಿ ಕಲ್ಲು ಆಯ್ದು ರಾಗಿ ಬಿತ್ತಿದರೋ? ಅದು ಒತ್ತುವರಿ, ಅತಿಕ್ರಮಣ, ಅಕ್ರಮ. ಬಗರ್ ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಸುತ್ತಿ ಕಾಲು ಸವೆದ ಮೇಲೂ ‘ಸಕ್ರಮ’ ಆಗೋದು ಕೆಲವರಿಗಷ್ಟೇ. ‘ಕ್ರಮ’ ಅನ್ನೋದೂ ಹೆಜ್ಜೆಯೇ. ಅದನ್ನ ಏಣಿ ಮಾಡಿ ಮೇಲೆ ಹತ್ತಿ ಕೂತರು.

ಹಸಿರು ಕ್ರಾಂತಿ, ಕ್ಷೀರ ಕ್ರಾಂತಿ ಅಂತ ಸರ್ಕಾರವೂ ಈ ಮಾತು ಆಡಿತು. ಹೊಲವೇ ಇಲ್ಲದವನಿಗೆ ಅದರಲ್ಲಿ ಕೂಲಿ ಸಿಕ್ಕಿತು, ಬಿಡಿ.

ಕ್ರಾಂತಿ ಅಂದರೆ ದಿಢೀರ್ ನೆಗೆತ ಅಂತ ಓದಿದವರು ಹೇಳುತ್ತಾರೆ. ಯಾರಿಗೆ ದಿಢೀರ್? ಸಾರ್ವಜನಿಕ ಕೆರೆ ಬಾವಿ ಅಸ್ಪೃಶ್ಯರಿಗೂ ತೆರೆಯಬೇಕೆಂದು ಬೊಂಬಾಯಿ ವಿಧಾನ ಪರಿಷತ್ತು ಠರಾವು ಮಾಡಿದ್ದು 1923ರಲ್ಲಿ. ಮಹಾಡ್ ಪುರಸಭೆ 1924ರಲ್ಲಿ ಒಪ್ಪಿತು. ಕಾಗದ ಕಾಗದವಾಗೇ ಇತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರ ಜೊತೆ ಚವದಾರ್ ಕೆರೆಗೆ ನಡೆದು ಹೋಗಿ ನೀರು ಕುಡಿದರು. ಹಾರಲಿಲ್ಲ, ಓಡಲಿಲ್ಲ, ಸಾಲಾಗಿ ನಡೆದರು. ದಡದ ಮೇಲಿದ್ದವರಿಗೆ ಅದು ಸಿಡಿಲು. ನಮ್ಮವರ ಮೇಲೆ ದೊಣ್ಣೆ ಬಿತ್ತು. ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ ಕೆರೆಯನ್ನು ಶುದ್ಧಿ ಮಾಡಿದರು. ದನ ಎಮ್ಮೆ ಕುಡಿಯುವಾಗ ಕೆಡದ ನೀರು! ಆಗಸ್ಟ್‌ನಲ್ಲಿ ಪುರಸಭೆ ತನ್ನ ಠರಾವನ್ನೇ ವಾಪಸ್ ತಗೊಂಡಿತು. ಡಿಸೆಂಬರ್ 25ಕ್ಕೆ ಅದೇ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟಿತು. ಬೊಂಬಾಯಿ ಹೈಕೋರ್ಟಿನಲ್ಲಿ ಆ ಕೆರೆಯ ಕೇಸು ನಮ್ಮವರ ಪರವಾಗಿ ಮುಗಿದಾಗ 1937ರ ಮಾರ್ಚ್. ದಡದಿಂದ ನೀರಿಗೆ ಇರೋ ನಾಲ್ಕು ಮೆಟ್ಟಿಲಿಗೆ ಹತ್ತು ವರ್ಷ.